ಹಕ್ಕಿಯ ಪಾದದಂಥ ಮುದ್ರೆ

ಮಂಗಳವಾರ ಬೆಳಿಗ್ಗೆ ಕಾಸಿಲ್ಡಾ ಓಹೆದಾ ಹೊಲಿಗೆ ಯಂತ್ರವೊಂದಕ್ಕೆ ಎಣ್ಣೆ ಬಿಡುತ್ತಾ ಕೂತಿದ್ದಾಗ, ಪೊಲೀಸ್ ಅಧಿಕಾರಿ ಲಿಸಾಂದ್ರೊ ರೆಕಾಲ್ದೆ ಅಂಗಡಿಯೊಳಗೆ ಬಂದು, ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿದ್ದ ಗಂಟೊಂದನ್ನು ಅವಳ ಮೇಜಿನ ಮೇಲಿಟ್ಟ. ಅದು ಮರಕ್ಕೆ ತಾಗಿದ ಸದ್ದಿನಿಂದಲೇ ಒಳಗಿರುವುದು ಏನೆಂದು ಅವಳಿಗೆ ಗೊತ್ತಾಯಿತು. ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು. ಕೈ ಒರೆಸಿಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು.

ಪುವೆರ್ತೊ ಸೆಲ್ವೀರಾದಲ್ಲಿ ಹೊಲಿಗೆ ಯಂತ್ರ, ಬೀಗ, ಬಂದೂಕು ಈ ಮೂರನ್ನೂ ಬಿಚ್ಚಿ ಜೋಡಿಸಬಲ್ಲವಳು ಅವಳೊಬ್ಬಳೇ. ಅವಳ ಅಪ್ಪ ಸ್ಪೇನಿನ ಐಬಾರ್ ಪಟ್ಟಣದವನು. ಅಲ್ಲಿ ಮನೆಮನೆಯಲ್ಲೂ ಕೋವಿಯ ಕೆಲಸ. ಹಡಗು ಹತ್ತಿ ಪರಾಗ್ವೆಗೆ ಬಂದವನು ಈ ನದಿಯ ದಡದಲ್ಲಿ ನಿಂತುಬಿಟ್ಟ. ಗಂಡುಮಕ್ಕಳಿಲ್ಲದ್ದರಿಂದ ಮಗಳಿಗೇ ವಿದ್ಯೆ ಹೇಳಿಕೊಟ್ಟ. ಬೇರೆ ಹುಡುಗಿಯರು ಕಸೂತಿ ಕಲಿಯುವ ವಯಸ್ಸಿನಲ್ಲಿ ಅವಳು ಕಬ್ಬಿಣದ ಮೇಲಿನ ಮುದ್ರೆ ಓದುವುದನ್ನು ಕಲಿತಳು. ಯಾವ ಊರಲ್ಲಿ ಮಾಡಿದ್ದು, ಯಾರು ಪರೀಕ್ಷೆ ಮಾಡಿದರು, ಯಾರ ಕೈಯಲ್ಲಿತ್ತು ಎಂದು ಕೋವಿಯೇ ಹೇಳುತ್ತದೆ, ಕೇಳಿಸಿಕೊಳ್ಳುವ ವ್ಯವಧಾನ ಇರಬೇಕು ಎನ್ನುತ್ತಿದ್ದ ಅಪ್ಪ. ಈಗ ಅವಳಿಗೆ ನಲವತ್ತೇಳು. ಈ ಸರ್ಕಾರ ಬಂದ ಮೇಲೆ ಜನ ಕೋವಿಗಳನ್ನು ಹೊರಗೆ ತೆಗೆಯುವುದನ್ನೇ ಬಿಟ್ಟಿದ್ದರು. ವರ್ಷಕ್ಕೊಂದೆರಡು ಬಾತುಕೋಳಿ ಬೇಟೆಯ ಬಂದೂಕು ಬಂದರೆ ಹೆಚ್ಚು.

ರೆಕಾಲ್ದೆ ದನಿ ಏರಿಸುವವನಲ್ಲ. ಕೂರುವ ಮುಂಚೆ ಕರ್ಚೀಫಿನಿಂದ ಕುರ್ಚಿ ಒರೆಸುತ್ತಿದ್ದ, ಹೆಂಗಸರಿಗೆ ಹ್ಯಾಟು ತೆಗೆಯುತ್ತಿದ್ದ, ಅವರ ಹೆಸರಿಗೆ ಗೌರವದ 'ನ್ಯಾ' ಸೇರಿಸಿ ಕರೆಯುತ್ತಿದ್ದ. ಠಾಣೆಯ ಹಿಂದಿನ ಅಂಗಳಕ್ಕೆ ಹೋದವರಲ್ಲಿ ಕೆಲವರು ವಾಪಸು ಬರಲಿಲ್ಲ. ದರ್ಜಿ ಮೆಲಿತೋನ್ ಮೂರು ದಿನಕ್ಕೇ ಬಂದ. ಬಂದ ಮೇಲೆ ಸೂಜಿಗೆ ದಾರ ಪೋಣಿಸಲು ಅವನ ಕೈಯಲ್ಲಿ ಆಗಲೇ ಇಲ್ಲ. ಕಾಸಿಲ್ಡಾ ಎಣ್ಣೆ ಬಿಡುತ್ತಿದ್ದದ್ದು ಅವನದೇ ಯಂತ್ರಕ್ಕೆ. ಅವನ ಹೆಂಡತಿ ಅದನ್ನು ಮಾರಲು ತಂದುಕೊಟ್ಟಿದ್ದಳು.

ಗಂಟು ಬಿಚ್ಚಿದಾಗ ಕಂಡದ್ದು ಹಳೆಯ ರಿವಾಲ್ವರ್. ನಡುವೆ ಮಡಚಿ ಗುಂಡು ತುಂಬುವಂಥದ್ದು. ಮೆರುಗೆಲ್ಲ ಹೋಗಿ ಕಂದು ಬಣ್ಣಕ್ಕೆ ತಿರುಗಿತ್ತು. ಭಾನುವಾರ ಆಚೆ ದಡದಿಂದ, ಅರ್ಜೆಂಟೀನಾ ಕಡೆಯಿಂದ, ನಾಲ್ಕು ಜನ ದೋಣಿಯಲ್ಲಿ ಬಂದು ಮರಳದಿಣ್ಣೆಯ ಮೇಲೆ ಇಳಿದಿದ್ದರಂತೆ. ಜೊತೆಗೆ ಸರ್ಕಾರದ ವಿರುದ್ಧದ ಕರಪತ್ರಗಳ ಕಟ್ಟು. ಮೂವರು ಜೊಂಡಿನೊಳಗೆ ನುಗ್ಗಿ ತಪ್ಪಿಸಿಕೊಂಡರು. ನಾಲ್ಕನೆಯವನು ಏನೂ ಹೇಳದೆ ಸತ್ತ. ಅವನ ಕೈಯಲ್ಲಿದ್ದದ್ದು ಇದು. ಇದನ್ನೆಲ್ಲ ರೆಕಾಲ್ದೆ ಮೀನಿನ ಪೇಟೆಯ ಸುದ್ದಿ ಹೇಳುವಂತೆ ಹೇಳಿದ. ಆಮೇಲೆ ಜೇಬಿನಿಂದ ತೆಳ್ಳನೆಯ ಹಾಳೆಯೊಂದನ್ನು ತೆಗೆದು ಬಿಡಿಸಿದ. ರಿವಾಲ್ವರಿನ ಹಿಡಿಯ ಬೆನ್ನ ಮೇಲಿದ್ದ ಅಚ್ಚಿಗೆ ಹಾಳೆ ಒತ್ತಿ, ಪೆನ್ಸಿಲ್ ಉಜ್ಜಿ ಎತ್ತಿಕೊಂಡ ಗುರುತು. ಹಕ್ಕಿಯ ಪಾದದ ಹಾಗೆ ಮೂರು ಗೀಟು, ಕೆಳಗೊಂದು ಅಡ್ಡಗೀಟು.

"ಬೇರೆ ಮುದ್ರೆಗಳು ಬೆಲ್ಜಿಯಂನವು ಅಂತ ನನಗೂ ಗೊತ್ತು. ಇದು ಯಾವುದು?"

"ಗೊತ್ತಿಲ್ಲ ಸಾಹೇಬ್ರೆ. ಇದನ್ನ ನಾನು ನೋಡೇ ಇಲ್ಲ."

"ನೋಡಿಲ್ಲ ಅಂದ್ರೆ ಈಗ ನೋಡಿ, ನ್ಯಾ ಕಾಸಿಲ್ಡಾ. ಗುರುವಾರ ಮಧ್ಯಾಹ್ನದವರೆಗೂ ಟೈಮಿದೆ. ಇದು ಯಾರ ಹತ್ರ ಇತ್ತು ಅಂತ ನನಗೆ ಬರೆದು ಸಹಿ ಹಾಕಿ ಕೊಡ್ಬೇಕು." ಅವನು ಯಂತ್ರದ ಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದ. "ಗೊತ್ತಿಲ್ಲ ಅನ್ನೋ ಮಾತು ಮಾತ್ರ ಬೇಡ. ಮೆಲಿತೋನೂ ಅದನ್ನೇ ಹೇಳ್ತಾ ಇದ್ದ."

ಅವಳು ಊರು ಬಿಡಬಾರದೆಂದೂ, ಕೋವಿಗೆ ಕಾವಲಾಗಿ ಸಾರ್ಜೆಂಟ್ ಓವೆಲಾರ್ ಬಾಗಿಲಲ್ಲಿ ಇರುತ್ತಾನೆಂದೂ ಹೇಳಿ, ಹ್ಯಾಟು ಎತ್ತಿ ನಮಸ್ಕರಿಸಿ ಹೊರಟುಹೋದ.

ಓವೆಲಾರ್ ಐವತ್ತು ದಾಟಿದ ದಪ್ಪ ಮನುಷ್ಯ. ಬೂಟಿನೊಳಗೆ ಕಾಲು ಊದಿಕೊಂಡು ನಿಲ್ಲಲಾರದೆ ನರಳುತ್ತಿದ್ದ. ಕಾಸಿಲ್ಡಾ ಒಳಗಿನಿಂದ ಹಳೆಯ ಚರ್ಮದ ಕುರ್ಚಿ ತಂದು ಬಾಗಿಲ ಬಳಿ ಹಾಕಿದಳು. ಅವನು ಅದರಲ್ಲಿ ಕೂತು ಬೂಟು ಬಿಚ್ಚಿ, ಕೊಂಬಿನ ಲೋಟದಲ್ಲಿ ತೆರೆರೆ ಎಂಬ ತಣ್ಣನೆಯ ಚಹಾದ ಎಲೆ ತುಂಬಿ, ತಣ್ಣೀರು ಹೊಯ್ದು ಹೀರತೊಡಗಿದ.

ಅವಳು ಮೊದಲು ರಿವಾಲ್ವರನ್ನು ಮಡಚಿ ತೆರೆದಳು. ಆರು ಗೂಡುಗಳಲ್ಲಿ ಐದು ಖಾಲಿ. ಆರನೆಯದರಲ್ಲಿ ಗುಂಡು ಹಾಗೇ ಇತ್ತು. ಹಸಿರು ಕಿಲುಬು ಹಿಡಿದು ಗೂಡಿಗೆ ಅಂಟಿಕೊಂಡಿತ್ತು. ಹಾರುತ್ತದೋ ಇಲ್ಲವೋ ಹೇಳುವಂತಿರಲಿಲ್ಲ. ಎಣ್ಣೆ ಬಿಟ್ಟು, ಮರದ ಕಡ್ಡಿಯಿಂದ ಕೂದಲೆಳೆಯಷ್ಟೇ ತಳ್ಳುತ್ತಾ, ಕಾಲು ಗಂಟೆ ಉಸಿರು ಬಿಗಿಹಿಡಿದು ಹೊರಗೆ ತೆಗೆದಳು. ಅದು ಅಂಗೈಗೆ ಬಿದ್ದಾಗ ರವಿಕೆಯ ಬೆನ್ನೆಲ್ಲ ಒದ್ದೆಯಾಗಿತ್ತು. ಆದರೆ ಆ ಭಯ ಅವಳಿಗೆ ಪರಿಚಯದ್ದು. ಕೆಲಸದ ಭಯ. ಎದೆಯಲ್ಲಿ ಕೂತಿದ್ದದ್ದು ಬೇರೆಯದು.

ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಒಂದೊಂದೇ ಮುದ್ರೆ ಓದಿದಳು. ಅಂಡಾಕಾರದ ಗೆರೆಯೊಳಗೆ ಮೂರು ಅಕ್ಷರ, ಮೇಲೊಂದು ಕಿರೀಟ. ಅದು ಲೀಜ್ ಪಟ್ಟಣದ ಪರೀಕ್ಷಾ ಮನೆಯ ಮುದ್ರೆ. ಅಕ್ಷರವೊಂದರ ತಲೆಯ ಮೇಲೆ ಪುಟ್ಟ ನಕ್ಷತ್ರ. ಅದು ಪರೀಕ್ಷೆ ಮಾಡಿದವನ ಗುರುತು. ನಳಿಗೆಯ ಬುಡದಲ್ಲಿ ಕಂಬದಂಥ ಚಿತ್ರ. ಇವೆಲ್ಲ ಅಪ್ಪನ ಕಾಲದಿಂದ ಕಂಡ ಮುಖಗಳೇ. ಹಕ್ಕಿಯ ಪಾದ ಮಾತ್ರ ಅಪರಿಚಿತ. ಕಾರ್ಖಾನೆಯ ಮುದ್ರೆ ಇಷ್ಟು ಒರಟಾಗಿರುವುದಿಲ್ಲ. ಇದನ್ನು ಯಾರೋ ಕಮ್ಮಾರ ಕೈಯಿಂದ ಕಡೆದ ಅಚ್ಚಿನಲ್ಲಿ, ಎರಡು ಏಟಿಗೆ ಒತ್ತಿದ್ದಾನೆ. ಎರಡನೆಯ ಏಟಿಗೆ ಅಚ್ಚು ಸ್ವಲ್ಪ ಜಾರಿದೆ.

ಹಿಡಿಯ ಎರಡು ಮರದ ಹೋಳುಗಳನ್ನು ತಿರುಪು ಬಿಚ್ಚಿ ತೆಗೆದಳು. ಹೊರಗಿನ ಗಾಳಿ ಕಾಣದ ಆ ಜಾಗದಲ್ಲಿ ಕಬ್ಬಿಣ ಇನ್ನೂ ನೀಲಿಯಾಗಿತ್ತು. ಅಲ್ಲಿ ಒಂದು ಅಂಕಿ ಇತ್ತು. 17.

ಅಪ್ಪ ಬಿಟ್ಟುಹೋದ ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದ ನಾನೂರಕ್ಕೂ ಹೆಚ್ಚು ಮುದ್ರೆಗಳಿದ್ದವು. ಸಿಂಹ, ಗಂಟೆ, ಅರ್ಧಚಂದ್ರ, ಬಾಣ. ಎರಡು ಸಲ ಮೊದಲಿನಿಂದ ಕೊನೆಯವರೆಗೆ ತಿರುವಿದಳು. ಹಕ್ಕಿಯ ಪಾದ ಇರಲಿಲ್ಲ. ಅಷ್ಟರಲ್ಲಿ ಬಾಗಿಲ ಬಳಿಯಿಂದ ಓವೆಲಾರ್, ಸಿಕ್ತಾ ಎಂದು ಕೇಳಿದ. ಇಲ್ಲ ಎಂದಳು. ಅವನು ತಲೆಯಾಡಿಸಿ, ಮಧ್ಯಾಹ್ನ ಮರಗೆಣಸು ಬೇಯಿಸಿದ್ದರೆ ತನಗೂ ಎರಡು ತುಂಡು ಇರಲಿ ಎಂದ.

ಸಂಜೆ ಗಂಡ ತೆಯೊಫಿಲೊ ದೋಣಿ ಕಟ್ಟಿ ಮನೆಗೆ ಬಂದ. ನದಿ ದಾಟಿಸುವುದು ಅವನ ಕೆಲಸ. ದನ, ಮೂಟೆ, ಜನ, ಏನು ಬಂದರೂ ದಾಟಿಸುತ್ತಿದ್ದ. ಸದಾ ಏನಾದರೂ ತಮಾಷೆ ಮಾಡುವವನು ಮೇಜಿನ ಮೇಲಿದ್ದದ್ದನ್ನು ನೋಡಿ ಹೊಸ್ತಿಲಲ್ಲೇ ನಿಂತ. ಕಾಸಿಲ್ಡಾ ನಡೆದದ್ದನ್ನು ಹೇಳಿದಳು. ಅವನು ಹೂಂ ಎಂದ. ಊಟಕ್ಕೆ ಕೂತು, ಹೊಟ್ಟೆ ಸರಿಯಿಲ್ಲ ಎಂದು ತಟ್ಟೆ ಸರಿಸಿ ಎದ್ದುಹೋದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನ ಹೊಟ್ಟೆ ಸರಿಯಿಲ್ಲದ್ದನ್ನು ಅವಳು ನೋಡಿರಲಿಲ್ಲ. ಏನೋ ಕೇಳಬೇಕೆನ್ನಿಸಿತು. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂಬ ಹೆದರಿಕೆಗೆ ಅವನ ತಟ್ಟೆ ಎತ್ತಿಟ್ಟಳು.

ಬುಧವಾರ ಬಿಸಿಲು ಬೇಗ ಏರಿತು. ಹತ್ತು ಗಂಟೆಯ ಹೊತ್ತಿಗೆ ಓವೆಲಾರನ ಕೊಂಬಿನ ಲೋಟಕ್ಕೆ ನೀರು ಮುಗಿಯಿತು. ಅವನು ನರಳುತ್ತಾ ಎದ್ದು, ಬರಿಗಾಲಲ್ಲಿ ಅಂಗಳದ ಕೈಪಂಪಿನ ಕಡೆ ಹೋದ. ಕಾಸಿಲ್ಡಾ ಕಣ್ಣಿನಿಂದ ಭೂತಗನ್ನಡಿ ತೆಗೆದು, ಹೊರಗಿನ ಬೆಳಕಿಗೆ ಕಣ್ಣು ಹೊಂದಿಸಿಕೊಳ್ಳಲೆಂದು ಬಾಗಿಲ ಕಡೆ ನೋಡಿದಳು.

ಕುರ್ಚಿಯ ಕೂರುವ ಜಾಗಕ್ಕೆ ಹೊದಿಸಿದ್ದದ್ದು ಎತ್ತಿನ ಚರ್ಮ. ವರ್ಷಗಟ್ಟಲೆ ಕೂತು ಕೂತು ಕೂದಲೆಲ್ಲ ಉದುರಿ ಕನ್ನಡಿಯಂತೆ ನುಣುಪಾಗಿತ್ತು. ಅದರ ನಟ್ಟನಡುವೆ, ಅಂಗೈಯಷ್ಟು ದೊಡ್ಡದಾಗಿ, ಎತ್ತು ಬದುಕಿದ್ದಾಗ ಕಾಸಿದ ಕಬ್ಬಿಣದಿಂದ ಎಳೆದ ಬರೆ. ಮೂರು ಗೀಟು, ಕೆಳಗೊಂದು ಅಡ್ಡಗೀಟು.

ಹದಿನೈದು ವರ್ಷದಿಂದ ದಿನಾ ಗುಡಿಸುವಾಗ ಎತ್ತಿಟ್ಟ ಕುರ್ಚಿ. ಕಣ್ಣು ಕಬ್ಬಿಣದ ಮೇಲೆ ಹುಡುಕುತ್ತಿದ್ದರೆ, ಉತ್ತರ ಚರ್ಮದ ಮೇಲೆ ಬಿದ್ದಿತ್ತು. ಅದು ಕೋವಿಯ ಮುದ್ರೆಯೇ ಅಲ್ಲ. ದನದ ಬರೆ. ಮೇಲಿನ ಕಾಡಿನಲ್ಲಿ ಕೆಬ್ರಾಚೊ ಮರ ಕಡಿದು, ಚರ್ಮ ಹದ ಮಾಡುವ ಒಗರು ತೆಗೆಯುತ್ತಿದ್ದ ಸಾಂತಾ ಓಲಾಯಾ ಕಂಪನಿಯ ಎತ್ತುಗಳಿಗೆ ಹಾಕುತ್ತಿದ್ದ ಬರೆ. ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಅಲ್ಲಿ ಮೇಸ್ತ್ರಿಯಾಗಿದ್ದು, ಬರುವಾಗ ಆ ಚರ್ಮ ತಂದವನು ತೆಯೊಫಿಲೊ.

ಅವಳು ಎದ್ದು, ಒಳಗಿಂದ ಬೆತ್ತದ ಕುರ್ಚಿ ತಂದು ಹಾಕಿ, ಚರ್ಮದ ಕುರ್ಚಿಯ ಬೆನ್ನು ಹಿಡಿದಳು. ಅಷ್ಟರಲ್ಲಿ ಓವೆಲಾರ್ ನೀರಿನ ಹೂಜಿ ಹಿಡಿದು ಬಂದುಬಿಟ್ಟ. ಇದರ ಕಾಲು ಅಲ್ಲಾಡುತ್ತದೆ, ಸರಿಮಾಡಿ ಕೊಡುತ್ತೇನೆ ಎಂದು ಅವಳು ಹೇಳಿದಳು. ತನ್ನ ದನಿ ತನಗೇ ಬೇರೆ ಯಾರದೋ ಎನ್ನಿಸಿತು. ಓವೆಲಾರ್ ಅವಳ ಮುಖ ನೋಡಿದ, ಕುರ್ಚಿ ನೋಡಿದ, ಆಮೇಲೆ ಬೀದಿಯ ಎರಡೂ ಕಡೆ ನೋಡಿದ. ಅವಳ ಕೈ ಬಿಡಿಸಿ, ಕುರ್ಚಿಯಲ್ಲಿ ಭಾರವಾಗಿ ಕೂತ.

"ಇದೇ ಇರ್ಲಿ, ನ್ಯಾ ಕಾಸಿಲ್ಡಾ. ನಾನು ಕೂತಿದ್ರೆ ಯಾರಿಗೂ ಕಾಣ್ಸಲ್ಲ."

ಅವಳು ಬೆತ್ತದ ಕುರ್ಚಿಯನ್ನು ಒಳಗೆ ಸರಿಸಿದಳು.

"ನಾನೂ ಆ ಕಂಪನಿಯ ಎತ್ತಿನ ಗಾಡಿ ಹೊಡ್ದಿದೀನಿ," ಎಂದ ಓವೆಲಾರ್, ಲೋಟಕ್ಕೆ ನೀರು ಹೊಯ್ಯುತ್ತಾ. "ನಿಮ್ಮ ಯಜಮಾನ್ರು ಮೇಸ್ತ್ರಿ ಆಗೋಕೆ ಮುಂಚೆ. ನಿನ್ನೆ ಕೂತ್ಕೊಂಡ ಕೂಡ್ಲೇ ಕಂಡಿತ್ತು."

"ಸಾಹೇಬ್ರಿಗೆ ಹೇಳಿದ್ರಾ?"

"ನನ್ನ ಕೇಳ್ಲಿಲ್ಲ. ಕೇಳ್ದೆ ಇದ್ದಿದ್ದನ್ನ ಹೇಳೋ ಅಭ್ಯಾಸ ನನಗಿಲ್ಲ." ಹೀರಿ, ನುಂಗಿ, ಮತ್ತೆ ಹೇಳಿದ. "ಆದ್ರೆ ಶನಿವಾರ ದನದ ಸಂತೆಗೆ ಆ ಹಾಳೆ ತಗೊಂಡು ಹೋಗ್ತಾರಂತೆ. ಅಲ್ಲಿ ಮುದುಕ್ರು ಇರ್ತಾರೆ. ಒಬ್ಬನಿಗಾದ್ರೂ ಗುರುತು ಸಿಗುತ್ತೆ. ನೀವು ಬೆಲ್ಜಿಯಂ ಗಿಲ್ಜಿಯಂ ಅಂತ ಸುಳ್ಳು ಬರೆದ್ರೆ ಅವತ್ತಿಗೆ ಸಿಕ್ಕಿಬೀಳ್ತೀರಿ. ಇಷ್ಟೇ ನಾನು ಹೇಳೋದು. ಇದನ್ನೂ ಹೇಳಿಲ್ಲ ಅಂತ ತಿಳ್ಕೊಳ್ಳಿ."

ಅವನು ತಮ್ಮವನೋ, ಬಾಯಿ ಬಿಡಿಸಲು ಬಿಟ್ಟವನೋ ಅವಳಿಗೆ ಗೊತ್ತಾಗಲಿಲ್ಲ. ಆ ಕಾಲದಲ್ಲಿ ಒಳ್ಳೆಯ ಮಾತಿಗೇ ಜನ ಹೆಚ್ಚು ಹೆದರುತ್ತಿದ್ದರು. ಮೇಜಿಗೆ ವಾಪಸಾಗಿ, ಮುಗಿದ ಕೆಲಸವನ್ನೇ ಮತ್ತೆ ಮಾಡುತ್ತಾ ಕೂತಳು. ಬೀದಿಯಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಕೈ ನಿಲ್ಲುತ್ತಿತ್ತು.

ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಊರೆಲ್ಲ ಬಾಗಿಲು ಹಾಕಿಕೊಂಡಿತು. ತೆಯೊಫಿಲೊ ಊಟಕ್ಕೆ ಬಂದಿದ್ದ. ಓವೆಲಾರ್ ಕುರ್ಚಿಯಲ್ಲೇ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಕಾಸಿಲ್ಡಾ ಗಂಡನನ್ನು ಅಡಿಗೆಮನೆಗೆ ಕರೆದು, ನೀರಿನ ತೊಟ್ಟಿಯ ನಲ್ಲಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಕೇಳಿದಳು.

"ಹದಿನೇಳನೇ ನಂಬರ್ ಯಾರ್ದು, ತೆಯೊ?"

ಮೊದಲು ಅವನು, ಯಾವ ನಂಬರು ಎಂದ. ಆಮೇಲೆ, ಅದು ನದಿಯಲ್ಲಿ ಬಿದ್ದುಹೋಯಿತು ಎಂದ. ಅವಳು ಅವನ ಮುಖವನ್ನೇ ನೋಡುತ್ತಾ ನಿಂತಳು. ಅವನು ಒಲೆಯ ಪಕ್ಕದ ಮಣೆಯ ಮೇಲೆ ಕುಸಿದು ಕೂತ.

ಕಂಪನಿಯವರು ಮೂವತ್ತು ಜನ ಮೇಸ್ತ್ರಿಗಳಿಗೆ ಒಂದೊಂದು ರಿವಾಲ್ವರ್ ಕೊಟ್ಟಿದ್ದರು. ಎತ್ತಿನ ಬರೆಯದೇ ಸಣ್ಣ ಅಚ್ಚು ಮಾಡಿಸಿ ಒತ್ತಿಸಿದ್ದರು. ಒಳಗಡೆ ನಂಬರು. ಅವನ್ನು ಮನೆಗೆ ತರುವಂತಿರಲಿಲ್ಲ, ಕಾಡಿನ ಶಿಬಿರದಲ್ಲೇ ಇಡಬೇಕಿತ್ತು. ಅವನದು ಹದಿನೇಳು. 1947ರ ಅಂತರ್ಯುದ್ಧದಲ್ಲಿ ಗೆದ್ದ ಪಕ್ಷದ ಬರಿಗಾಲ ದಂಡು ಊರಿಗೆ ಬಂದು, ಕಂಪನಿಯ ಆಯುಧಗಳನ್ನೆಲ್ಲ ಚರ್ಚಿನ ಅಂಗಳಕ್ಕೆ ತಂದು ಒಪ್ಪಿಸಬೇಕೆಂದು ಸಾರಿಸಿತು. ಇವನು ಸಾಲಿನಲ್ಲಿ ನಿಂತು ಒಪ್ಪಿಸಿದ. ತೆಗೆದುಕೊಂಡವನು ದಂಡಿನ ನಾಯಕ ಎಲಿಸೆಯೊ. ಈ ಪೊಲೀಸ್ ಅಧಿಕಾರಿಯ ಸ್ವಂತ ಅಣ್ಣ.

"ಯಾಕೆ ಹೇಳ್ಲಿಲ್ಲ ಇಷ್ಟು ದಿನ?"

"ಏನಂತ ಹೇಳ್ಲಿ, ಕಾಸಿ? ನನ್ನ ಮುಂದೆ ನಿಂತಿದ್ದ ಪ್ರೂದೆನ್ಸಿಯೊ ಕೊಡಲ್ಲ ಅಂದ. ಅವನದೇ ಕೋವಿಯಿಂದ ಅಲ್ಲೇ ಹೊಡೆದ್ರು. ನಾನು ಅವನನ್ನ ದಾಟಿಕೊಂಡು ಹೋಗಿ ನಂದು ಕೊಟ್ಟೆ. ಥ್ಯಾಂಕ್ಸ್ ಅಂತಾನೂ ಅಂದೆ." ಅವನು ಒಲೆಯ ಬೂದಿಯನ್ನು ಬೆರಳಿನಿಂದ ಕೆದಕಿದ. "ಥ್ಯಾಂಕ್ಸ್ ಅಂದೆ ಅವನಿಗೆ."

ಅವಳು ನಲ್ಲಿ ನಿಲ್ಲಿಸಲಿಲ್ಲ. ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಯೋಚಿಸಿದಳು. ಎಲಿಸೆಯೊ ಆಚೆ ದಡಕ್ಕೆ ಕದ್ದು ದನ ಸಾಗಿಸುತ್ತಾನೆಂದು ಊರಿಗೆಲ್ಲ ಗೊತ್ತಿತ್ತು. ದನದ ಜೊತೆ ಹಳೆಯ ಕೋವಿಗಳನ್ನೂ ಮಾರಿದ್ದಾನೆ. ಕೊಂಡವರು ಅದನ್ನು ಹಿಡಿದು ಇವರ ಮೇಲೇ ಬಂದರು. ಇದು ಬಯಲಾದರೆ ರಾಜಧಾನಿಯವರು ಎಲಿಸೆಯೊನನ್ನು ಬಿಡುವುದಿಲ್ಲ, ತಮ್ಮನನ್ನೂ ಬಿಡುವುದಿಲ್ಲ. ಹಾಗಾಗಿ ನಿಜ ಹೇಳಿದರೆ ರೆಕಾಲ್ದೆ ತಮ್ಮಿಬ್ಬರ ಬಾಯನ್ನು ಶಾಶ್ವತವಾಗಿ ಮುಚ್ಚಿಸಬಹುದು. ಸುಳ್ಳು ಹೇಳಿದರೆ ಶನಿವಾರ ಗೊತ್ತಾಗುತ್ತದೆ. ಕಂಪನಿಯ ಹಳೆ ಮೇಸ್ತ್ರಿಗಳಲ್ಲಿ ಈ ಊರಿನಲ್ಲಿ ಉಳಿದವನು ತೆಯೊಫಿಲೊ ಒಬ್ಬನೇ. ಅವನನ್ನು ಅಂಗಳಕ್ಕೆ ಎಳೆದೊಯ್ದ ಮೇಲೆ ಅವನು ಹೇಳಿದ್ದನ್ನು ಯಾರು ನಂಬುತ್ತಾರೆ?

ಅವತ್ತು ಚರ್ಚಿನ ಅಂಗಳದಲ್ಲಿ ಬೇರೆ ಯಾರಿದ್ದರು ಎಂದು ಕೇಳಿದಳು. ಪಾದ್ರಿ ಇದ್ದರು, ಸತ್ತವನಿಗೆ ಪ್ರಾರ್ಥನೆ ಹೇಳಲು ಬಂದಿದ್ದರು ಎಂದ ತೆಯೊಫಿಲೊ. ಆ ಪಾದ್ರಿ ಈಗ ಆಚೆ ದೇಶದ ಕೊರಿಯೆಂತೆಸ್‌ನಲ್ಲಿದ್ದರು.

ಗುರುವಾರ ಹನ್ನೊಂದೂವರೆಗೇ ರೆಕಾಲ್ದೆ ಬಂದ. ಓವೆಲಾರ್ ಎದ್ದು ಸೆಲ್ಯೂಟ್ ಹೊಡೆದ. ಎದ್ದವನು ಕುರ್ಚಿಗೆ ಬೆನ್ನು ಕೊಟ್ಟು ಅಡ್ಡವಾಗಿಯೇ ನಿಂತಿದ್ದ. ಕಾಸಿಲ್ಡಾ ಅವನಿಗೆ, ಸಾಹೇಬರ ಜೊತೆ ಒಬ್ಬಳೇ ಮಾತಾಡಬೇಕು, ಬೀದಿಯ ಆ ಬದಿಯ ನೆರಳಲ್ಲಿ ನಿಂತಿರಿ ಎಂದಳು. ಅವನು ಅಧಿಕಾರಿಯ ಮುಖ ನೋಡಿದ. ಅಧಿಕಾರಿ ತಲೆಯಾಡಿಸಿದ. ಅವನು ಬೂಟು ಕೈಯಲ್ಲಿ ಹಿಡಿದು ಹೋದ.

ರೆಕಾಲ್ದೆ ಕರ್ಚೀಫು ತೆಗೆದು ಕುರ್ಚಿ ಒರೆಸಲು ಬಗ್ಗಿದ. ಬಗ್ಗಿದವನು ಹಾಗೇ ನಿಂತ.

ಹಿಂದಿನ ಮಧ್ಯಾಹ್ನದಿಂದ ಅವಳು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಚದುರಿಹೋದವು. ಉಳಿದದ್ದು ಕೆಲಸದ ಮಾತು. ಗಿರಾಕಿಗೆ ಹೇಳುವ ಹಾಗೆ ಹೇಳಿದಳು: ಇದು ಸಾಂತಾ ಓಲಾಯಾದ ಬರೆ. ಕೋವಿಯ ಮೇಲಿರುವುದೂ ಅದೇ. ಹಿಡಿಯ ಹೋಳು ತೆಗೆದು ತೋರಿಸಿದಳು. ಒಳಗೆ ಹದಿನೇಳು. ಹದಿನೇಳು ತನ್ನ ಗಂಡನ ನಂಬರು.

ರೆಕಾಲ್ದೆ ಸೊಂಟ ನೆಟ್ಟಗೆ ಮಾಡಿದ. ಅವನ ಮುಖದಲ್ಲಿ ಕೋಪ ಇರಲಿಲ್ಲ. ಕೆಲಸ ಸುಲಭವಾಯಿತೆಂಬ ಸಮಾಧಾನವಿತ್ತು.

"ನಿಮ್ಮ ಗಂಡ ಎಲ್ಲಿ?"

"ದೋಣಿಯಲ್ಲಿದಾರೆ. ಎಲ್ಲೂ ಹೋಗಲ್ಲ." ಮೇಜನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ನಲವತ್ತೇಳರಲ್ಲಿ ಇದನ್ನ ಚರ್ಚಿನ ಅಂಗಳದಲ್ಲಿ ಒಪ್ಪಿಸಿದ್ರು, ಸಾಹೇಬ್ರೆ. ಮೂವತ್ತೂ ಕೋವಿ ಒಂದೇ ದಿನ ತಗೊಂಡಿದ್ದು ದೋನ್ ಎಲಿಸೆಯೊ. ಆಮೇಲೆ ಇದು ಯಾರ ಕೈಗೆ ಹೋಯ್ತು, ಹೇಗೆ ನದಿ ದಾಟ್ತು ಅಂತ ಮುದ್ರೆ ಹೇಳಲ್ಲ. ಅದನ್ನ ದೋನ್ ಎಲಿಸೆಯೊನೇ ಹೇಳ್ಬೇಕು."

ಹೊರಗೆ ಯಾವುದೋ ಗಾಡಿ ಹೋಯಿತು. ಅದರ ಚಕ್ರದ ಕಿರಿಗುಟ್ಟುವಿಕೆ ಬೀದಿಯ ಕೊನೆಯವರೆಗೆ ಕೇಳಿಸಿ ನಿಂತಿತು. ರೆಕಾಲ್ದೆ ಕರ್ಚೀಫನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. ಮೇಲ್ತುಟಿಯ ಮೇಲೆ ಬೆವರು ಮೂಡಿತ್ತು. ಈ ಮನುಷ್ಯನಿಗೂ ಹೆದರಿಕೆ ಇದೆ ಎಂದು ಅವಳಿಗೆ ಹೊಳೆದದ್ದು ಆಗ. ಅದರಿಂದ ಅವಳಿಗೆ ಧೈರ್ಯ ಬರಲಿಲ್ಲ. ಹೆದರಿದ ಪೊಲೀಸಿನವನು ಹೆದರದವನಿಗಿಂತ ಬೇಗ ಕೈ ಎತ್ತುತ್ತಾನೆ.

"ಇದು ಇನ್ನು ಯಾರಿಗೆ ಗೊತ್ತು?"

ಕಾಯುತ್ತಿದ್ದ ಪ್ರಶ್ನೆ ಇದೇ. ಉತ್ತರವನ್ನು ಅವಳು ಗೋಡೆಯ ಕಡೆ ನೋಡಿ ನೂರು ಸಲ ಹೇಳಿಕೊಂಡಿದ್ದಳು.

"ಫಾದರ್ ಸಿರಿಯಾಕೊ ಅವರಿಗೆ. ಅವತ್ತು ಯಾರು ಯಾವ ನಂಬರ್ ಕೊಟ್ರು, ಯಾರ ಕೈಗೆ ಕೊಟ್ರು ಅಂತ ಅವರು ಪಟ್ಟಿ ಬರೆದಿಟ್ಟಿದ್ರು. ಅದೀಗ ಅವರ ಹತ್ರ ಕೊರಿಯೆಂತೆಸ್‌ನಲ್ಲಿದೆ. ನಮಗೇನಾದ್ರೂ ಆದ್ರೆ ಅವರು ಕೇಳ್ತಾರೆ."

ಪಟ್ಟಿ ಗಿಟ್ಟಿ ಏನೂ ಇರಲಿಲ್ಲ. ಪಾದ್ರಿ ಅವತ್ತು ಬರೆದಿದ್ದರೆ ಸತ್ತವನ ಹೆಸರೊಂದನ್ನೇ ಬರೆದಿರಬೇಕು. ರೆಕಾಲ್ದೆ ಅವಳ ಕಣ್ಣನ್ನೇ ನೋಡುತ್ತಿದ್ದ. ಅವಳು ಕಣ್ಣು ತಗ್ಗಿಸಲಿಲ್ಲ. ಸುಳ್ಳು ಅವನಿಗೆ ಕಾಣದಿರಲಿ ಎಂದು ಕನ್ಯಾಮರಿಯಳಿಗೆ ಹರಕೆ ಹೊತ್ತಳು.

"ಪೆನ್ನು ತಗೊಳ್ಳಿ," ಎಂದ ಅವನು ಕೊನೆಗೆ.

ಅವನು ಹೇಳಿದ, ಅವಳು ಬರೆದಳು. ಬೆಲ್ಜಿಯಂ ತಯಾರಿಕೆ. ಲೀಜ್ ಪಟ್ಟಣದ ಪರೀಕ್ಷಾ ಮುದ್ರೆಗಳಿವೆ. ಹಿಡಿಯ ಮೇಲಿನ ಗುರುತು ಅಲ್ಲಿಯದೇ ಕೆಲಸಗಾರನೊಬ್ಬನದು. ಈ ದೇಶದ ಯಾವ ಮಾಲೀಕರ ಗುರುತೂ ಕಂಡುಬರುವುದಿಲ್ಲ. ಸಹಿ ಹಾಕುವಾಗ ತನ್ನ ಹೆಸರಿನ ಅಕ್ಷರಗಳನ್ನು ಅವಳು ಮಗುವಿನಂತೆ ಒಂದೊಂದಾಗಿ ಬಿಡಿಸಬೇಕಾಯಿತು. ಅವನು ಪೆನ್ಸಿಲ್ ಉಜ್ಜಿದ ಹಾಳೆಯನ್ನು ಜೇಬಿನಿಂದ ತೆಗೆದು, ಬೆಂಕಿಕಡ್ಡಿ ಗೀರಿ ಸುಟ್ಟು, ಬೂದಿಯನ್ನು ಕಾಲಿನಿಂದ ತಿಕ್ಕಿದ.

"ಅರ ತಗೊಂಡು ಆ ಎರಡು ಗುರುತೂ ತೆಗೀರಿ. ನನ್ನೆದುರಿಗೇ."

ಕಬ್ಬಿಣದ ಪುಡಿ ಮೇಜಿನ ಮೇಲೆ ಉದುರುತ್ತಿದ್ದಷ್ಟು ಹೊತ್ತೂ ಅವನು ಅಲ್ಲೇ ನಿಂತಿದ್ದ. ಹೊಳೆಯುವ ಜಾಗಕ್ಕೆ ಅವಳು ದ್ರಾವಣ ಹಚ್ಚಿ ಕಪ್ಪು ಮಾಡಿದಳು. ಎಲ್ಲ ಮುಗಿದ ಮೇಲೆ ಅವನು ಕೋವಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಹ್ಯಾಟು ಎತ್ತಿದ.

"ಕುರ್ಚಿ ಹಳೇದಾಗಿದೆ, ನ್ಯಾ ಕಾಸಿಲ್ಡಾ. ಇವತ್ತೇ ಸುಟ್ಟುಹಾಕಿ."

ಅವನು ಹೋದ ಮೇಲೆ ಅವಳು ಕುರ್ಚಿಯನ್ನು ಹಿತ್ತಲಿಗೆ ಹೊತ್ತೊಯ್ದಳು. ಆಮೇಲೆ ಅದಕ್ಕೆ ಬೆಂಕಿ ಹಚ್ಚಿದಳು. ಸುಟ್ಟ ಚರ್ಮದ ವಾಸನೆಗೆ ಪಕ್ಕದ ಮನೆಯವಳು ಗೋಡೆಯ ಮೇಲಿಂದ ಇಣುಕಿ, ಏನು ಸುಡುತ್ತಿದ್ದೀರಿ ಎಂದು ಕೇಳಿದಳು. ತಿಗಣೆ ಎಂದಳು ಕಾಸಿಲ್ಡಾ.

ಶನಿವಾರದ ಸಂತೆಗೆ ರೆಕಾಲ್ದೆ ಹೋಗಲಿಲ್ಲ. ಒಂದು ವಾರ ಏನೂ ಆಗಲಿಲ್ಲ. ಏನೂ ಆಗದ ಆ ಏಳು ದಿನ ಗಂಡ ಹೆಂಡತಿ ಇಬ್ಬರೂ ಮಾತು ಬಿಟ್ಟವರಂತೆ ಓಡಾಡಿದರು. ಬಾಗಿಲು ತಟ್ಟಿದರೆ ಇಬ್ಬರೂ ಒಟ್ಟಿಗೇ ಎದ್ದು ನಿಲ್ಲುತ್ತಿದ್ದರು. ಎಂಟನೆಯ ದಿನ ಎಲಿಸೆಯೊ ಕುದುರೆಯಿಂದ ಬಿದ್ದು ಸತ್ತನೆಂದು ಸುದ್ದಿ ಬಂತು. ಹುಟ್ಟಿದಾಗಿನಿಂದ ಕುದುರೆಯ ಮೇಲೇ ಬೆಳೆದವನು. ಹೆಣದ ಪೆಟ್ಟಿಗೆಗೆ ಮೊದಲೇ ಮೊಳೆ ಹೊಡೆದಿದ್ದರು. ಮುಂದೆ ನಿಂತು ಅತ್ತವನು ತಮ್ಮನೇ.

ಸ್ಮಶಾನದಿಂದ ಬಂದ ಸಂಜೆಯೇ ತೆಯೊಫಿಲೊ ಹೇಳಿದ. "ಒಡಹುಟ್ಟಿದವನನ್ನೇ ಬಿಡ್ಲಿಲ್ಲ, ಕಾಸಿ. ಪಟ್ಟಿ ಇಲ್ಲ ಅಂತ ಅವನಿಗೆ ಗೊತ್ತಾಗೋಕೆ ಎಷ್ಟು ದಿನ ಬೇಕು?"

ಹತ್ತನೆಯ ದಿನ ನಡುಹಗಲಲ್ಲಿ ಅವರು ಹೊರಟರು. ಮರೆಯಾಗಿ ಹೋದರೆ ಅನುಮಾನ ಬರುತ್ತದೆಂದು, ಸಂತೆಗೆ ಹೋಗುವವರಂತೆ ಎರಡು ಬುಟ್ಟಿ ಕೋಳಿ, ಒಂದು ಮೂಟೆ ಮರಗೆಣಸು, ಬಟ್ಟೆಯಲ್ಲಿ ಕಟ್ಟಿದ ಚಿಪಾ ರೊಟ್ಟಿ ಇಟ್ಟುಕೊಂಡು ದೋಣಿ ಹತ್ತಿದರು. ಉಪಕರಣಗಳ ಪೆಟ್ಟಿಗೆ, ಅಪ್ಪನ ನೋಟುಬುಕ್ಕು, ಮೆಲಿತೋನನ ಯಂತ್ರ ಎಲ್ಲ ಅಂಗಡಿಯಲ್ಲೇ ಉಳಿದವು. ದೋಣಿಕಟ್ಟೆಯ ಮೇಲೆ ಓವೆಲಾರ್ ನದಿ ದಾಟುವವರ ಚೀಟಿ ನೋಡುತ್ತಾ ಕೂತಿದ್ದ. ಬುಟ್ಟಿಗಳನ್ನು ನೋಡಿದ. ಕಾಸಿಲ್ಡಾ ಒಂದರ ಮೇಲೊಂದು ಹಾಕಿಕೊಂಡಿದ್ದ ಮೂರು ಲಂಗಗಳನ್ನೂ ನೋಡಿದ.

"ಸಾಯಂಕಾಲ ವಾಪಸ್ ಬರ್ತೀರಲ್ಲ?"

"ಬರ್ತೀವಿ," ಎಂದ ತೆಯೊಫಿಲೊ.

"ಬರ್ತಾ ನನಗೆ ಒಳ್ಳೆ ತಂಬಾಕು ತನ್ನಿ," ಎಂದು ಓವೆಲಾರ್ ಹಗ್ಗ ಬಿಚ್ಚಿ ದೋಣಿಯೊಳಗೆ ಎಸೆದ.

ನದಿಯ ನಡುವೆ ಬಂದಾಗಲೂ ಅವಳು ಹಿಂದೆ ನೋಡಲಿಲ್ಲ. ಬೆನ್ನು ಇಡೀ ಕಣ್ಣಾದಂತಿತ್ತು. ಯಾವ ಕ್ಷಣದಲ್ಲಾದರೂ ಕೂಗು ಕೇಳಿಸಬಹುದು, ಕೂಗಿಗೂ ಮುಂಚೆ ಗುಂಡು ಬರಬಹುದು. ತೆಯೊಫಿಲೊ ದಿನದಂತೆ ಹುಟ್ಟು ಹಾಕಲು ನೋಡುತ್ತಿದ್ದ. ಆದರೆ ಹುಟ್ಟು ನೀರಿಗೆ ತಾಗುವ ಲೆಕ್ಕ ತಪ್ಪುತ್ತಿತ್ತು. ದೋಣಿಯ ಮೂತಿ ಆಚೆ ದಡದ ಕೆಸರಿಗೆ ನುಗ್ಗಿದಾಗ ಅವನು ಇಳಿಯಲಿಲ್ಲ. ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತ. ಅವಳೇ ಮೊಣಕಾಲುದ್ದ ನೀರಿಗೆ ಇಳಿದು, ಮೂರೂ ಲಂಗ ಒದ್ದೆಯಾಗಿ ಭಾರವಾಗಿ, ಅವನ ರಟ್ಟೆ ಹಿಡಿದು ಎಬ್ಬಿಸಿದಳು.

ಅವರು ಫೊರ್ಮೋಸಾ ಪಟ್ಟಣದ ಹೊರವಲಯದಲ್ಲಿ ಒಂದು ಕೋಣೆ ಹಿಡಿದರು. ಅವನಿಗೆ ಇಟ್ಟಿಗೆ ಭಟ್ಟಿಯಲ್ಲಿ ಕೆಲಸ ಸಿಕ್ಕಿತು. ಅವಳು ಎರವಲು ತಂದ ಉಪಕರಣಗಳಿಂದ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡತೊಡಗಿದಳು. ನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಇಬ್ಬರೂ ಬಸ್ಸು ಹತ್ತಿ ಕೊರಿಯೆಂತೆಸ್‌ಗೆ ಹೋಗಿ, ಫಾದರ್ ಸಿರಿಯಾಕೊ ಅವರನ್ನು ಹುಡುಕಿದರು. ಅವರು ತುಂಬ ಮುದುಕರಾಗಿದ್ದರು, ಕಿವಿ ಮಂದವಾಗಿತ್ತು. ತೆಯೊಫಿಲೊ ಅವರ ಕಿವಿಯ ಬಳಿ ಬಾಯಿಟ್ಟು, ಚರ್ಚಿನ ಅಂಗಳದ ಆ ದಿನದ ವಿಷಯವನ್ನೆಲ್ಲ ಹೇಳಿದ. ಸಾಲಿನಲ್ಲಿ ನಿಂತದ್ದು, ಪ್ರೂದೆನ್ಸಿಯೊ ಬಿದ್ದದ್ದು, ಎಲ್ಲ. ಥ್ಯಾಂಕ್ಸ್ ಅಂದದ್ದನ್ನೂ ಹೇಳಿದ. ಇಲ್ಲದ ಪಟ್ಟಿಯ ಸುಳ್ಳನ್ನು ಕಾಸಿಲ್ಡಾ ಹೇಳಿದಳು.

ಮುದುಕರು ಡ್ರಾಯರಿನಿಂದ ಒಂದು ಕಾಗದ ತೆಗೆದು, ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡರು.

"ನಿಧಾನ ಹೇಳು, ಮಗೂ," ಎಂದರು. "ಮೊದಲನೇ ನಂಬರಿಂದ ಶುರು ಮಾಡು."